ಎಲ್ಲ ಎಫ್‌ಎಂನಲ್ಲೂ ಅವೇ ಹಾಡು ಯಾಕೆ?

ಪ್ರಶ್ನೆ: ಅಂಕೋಲಾದಿಂದ ಬೆಂಗಳೂರಿಗೆ, ಮಗನ ಮನೆಗೆ ಬಂದಿದ್ದೇನೆ. ಇಲ್ಲಿ ಎಷ್ಟೊಂದು ಎಫ್‌ಎಂ! ಆದರೆ ಯಾವುದು ಹಾಕಿದರೂ ಅವೇ ಸಿನಿಮಾ ಹಾಡು. ಯಾಕೆ ಹೀಗೆ?

ಉತ್ತರ: ಖಾಸಗಿ ಎಫ್‌ಎಂ ಬದುಕುವುದೇ ಜಾಹೀರಾತಿನಿಂದ. ನೀವು ಸ್ಟೇಷನ್ ಬದಲಿಸಿದರೆ ಅವರಿಗೆ ನಷ್ಟ. ಹಾಗಾಗಿ ಹೊಸದನ್ನು ಹಾಕಲು ಹೆದರಿ, ಹಿಟ್ ಆದದ್ದನ್ನೇ ಮತ್ತೆ ಮತ್ತೆ ಹಾಕುತ್ತಾರೆ.

ಅಮೆರಿಕದಲ್ಲಿ ಇದು ಇನ್ನೂ ಜಾಸ್ತಿ ಆಯಿತು. ಅಲ್ಲಿ ಒಂದು ಕಂಪನಿಗೆ ದೇಶದಲ್ಲಿ 40 ಸ್ಟೇಷನ್ ಎಂಬ ಮಿತಿಯಿತ್ತು. 1996ರ ಕಾನೂನು ಅದನ್ನು ತೆಗೆದುಹಾಕಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿಯ ಕೈಗೆ ಸುಮಾರು 1,200 ಸ್ಟೇಷನ್ ಬಂದವು. ಎಷ್ಟೋ ಊರುಗಳಲ್ಲಿ ಕೇಳಿಸುತ್ತಿದ್ದದ್ದು ಬೇರೆಲ್ಲೋ ರೆಕಾರ್ಡ್ ಮಾಡಿದ ದನಿ. ಊರಿನ ಹಾಡುಗಾರರಿಗೆ ಜಾಗ ಎಲ್ಲಿ ಉಳಿಯುತ್ತದೆ, ಹೇಳಿ?

ನಿಮ್ಮೂರಿನ ಗುಮಟೆಯನ್ನೇ ನೋಡಿ. ಮಣ್ಣಿನ ಮಡಕೆಯ ಒಂದು ಬಾಯಿಗೆ ಚರ್ಮ. ಇನ್ನೊಂದು ಬಾಯನ್ನು ಅಂಗೈಯಿಂದ ಮುಚ್ಚುತ್ತಾ ತೆರೆಯುತ್ತಾ ದನಿ ತಿದ್ದುತ್ತಾರೆ. ಗುಮಟೆಯ ಹಾಡು ನಿಧಾನಕ್ಕೆ ಏರಬೇಕು, ಮೂರು ನಿಮಿಷ ಸಾಲುವುದಿಲ್ಲ. ಹಾಲಕ್ಕಿ ಸಮುದಾಯದ ಹಾಡುಗಾರ್ತಿ, ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಅಂಥವರ ಹಾಲಕ್ಕಿ ಹಾಡು ಬೆಂಗಳೂರಿನ ಎಫ್‌ಎಂನಲ್ಲಿ ನಾನಂತೂ ಕೇಳಿಲ್ಲ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ನಾನು ಕಾರವಾರದವಳು, ಬೆಳಿಗ್ಗೆ ದೋಸೆ ಎರೆಯುವಾಗ ನಮ್ಮ ಆಕಾಶವಾಣಿ ಬೇಕೇ ಬೇಕು. ಊರಿಗೆ ಮರಳಿದ ಮೇಲೆ ನೀವೂ ಅದಕ್ಕೊಂದು ಪತ್ರ ಹಾಕಿ, ಗುಮಟೆ ಹಾಡು ಹಾಕಿ ಎಂದು ಕೇಳಿ. 2006ರಿಂದ ಸಂಘ ಸಂಸ್ಥೆಗಳೂ ಸಮುದಾಯ ರೇಡಿಯೋ, ಅಂದರೆ ಊರಿನ ಜನರಿಗಾಗಿಯೇ ಇರುವ ಸಣ್ಣ ಸ್ಟೇಷನ್, ನಡೆಸಬಹುದು. ಅಂಕೋಲಾದಲ್ಲೇ ಒಂದು ಶುರುವಾದರೆ ಎಷ್ಟು ಚೆನ್ನ, ಅಲ್ವಾ?