ವಕೀಲರನ್ನು ಕೇಳಿ: ಜಡ್ಜ್ ಹಿಂದೆ ಪಕ್ಷದಲ್ಲಿದ್ದರೆ ನಮ್ಮ ವೋಟಿನ ಗತಿ ಏನು?

ಪ್ರಶ್ನೆ: ಮೇಡಂ, ನಾವು ವಿಜಯಪುರ ಕಡೆಯವರು. ಈಗ ವಾಸ್ಕೊದಲ್ಲೇ ಮನೆ, ಇಲ್ಲೇ ವೋಟರ್ ಕಾರ್ಡ್. 2025ರಲ್ಲಿ ಬಾಂಬೆ ಹೈಕೋರ್ಟಿಗೆ ಒಂದು ಪಕ್ಷದ ವಕ್ತಾರರಾಗಿದ್ದವರನ್ನು ಜಡ್ಜ್ ಮಾಡಿದರು. ಗೋವಾಕ್ಕೂ ಅದೇ ಹೈಕೋರ್ಟ್ ಅಲ್ವಾ? 2027ರಲ್ಲಿ ನಮ್ಮ ವಿಧಾನಸಭೆ ಚುನಾವಣೆ. ನನ್ನ ಮಗನಿಗೆ ಅದು ಮೊದಲ ವೋಟು. "ಅಂಪೈರೇ ಅವರ ಕಡೆಯವರಾದ ಮೇಲೆ ಆಟ ಯಾಕಪ್ಪಾ, ನಾನು ವೋಟ್ ಹಾಕಲ್ಲ" ಅಂತಾನೆ. ಅವನಿಗೆ ಏನು ಹೇಳಲಿ?
(ಓದುಗರು, ವಾಸ್ಕೊ)

ಉತ್ತರ: ಮೊದಲು ನಡೆದದ್ದು ಏನು ಅಂತ ಹೇಳಿಬಿಡುತ್ತೇನೆ. ವಾಟ್ಸಾಪ್‌ನಲ್ಲಿ ಇದು ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಕಥೆಯಾಗಿದೆ.

2025ರ ಜುಲೈ 28ರಂದು ಸುಪ್ರೀಂ ಕೋರ್ಟ್ ಕೊಲಿಜಿಯಂ (ಜಡ್ಜ್‌ಗಳ ಹೆಸರು ಆರಿಸಿ ಸರ್ಕಾರಕ್ಕೆ ಕಳಿಸುವ ಹಿರಿಯ ನ್ಯಾಯಮೂರ್ತಿಗಳ ಮಂಡಳಿ) ಬಾಂಬೆ ಹೈಕೋರ್ಟಿಗೆ ವಕೀಲೆ ಆರತಿ ಸಾಠೆ ಅವರ ಹೆಸರನ್ನು ಶಿಫಾರಸು ಮಾಡಿತು. ಅವರು ಮಹಾರಾಷ್ಟ್ರ ಬಿಜೆಪಿಯ ವಕ್ತಾರರಾಗಿದ್ದವರು. ಎನ್‌ಸಿಪಿ (ಶರದ್ ಪವಾರ್ ಬಣ) ಶಾಸಕ ರೋಹಿತ್ ಪವಾರ್ ಸೇರಿ ವಿರೋಧ ಪಕ್ಷದವರು ಗಲಾಟೆ ಎಬ್ಬಿಸಿದರು. ಸಾಠೆ 2024ರ ಜನವರಿಯಲ್ಲೇ ರಾಜೀನಾಮೆ ಕೊಟ್ಟಿದ್ದಾರೆ, ಈಗ ಪಕ್ಷಕ್ಕೂ ಅವರಿಗೂ ಸಂಬಂಧ ಇಲ್ಲ ಅಂತ ಬಿಜೆಪಿ ಹೇಳಿತು. ಆಗಸ್ಟ್‌ನಲ್ಲೇ ನೇಮಕವೂ ಆಯಿತು.

ಕಾನೂನಿನ ಪ್ರಕಾರ ಇದರಲ್ಲಿ ತಪ್ಪಿಲ್ಲ. ಸಂವಿಧಾನದ 217ನೇ ವಿಧಿ ಕೇಳುವುದು ಇಷ್ಟೇ: ಭಾರತದ ಪ್ರಜೆಯಾಗಿರಬೇಕು, ಹತ್ತು ವರ್ಷ ಹೈಕೋರ್ಟ್ ವಕೀಲಿಕೆ ಅಥವಾ ಹತ್ತು ವರ್ಷ ನ್ಯಾಯಾಂಗದ ಹುದ್ದೆ ಇರಬೇಕು. ಪಕ್ಷದ ಬಗ್ಗೆ ಅಲ್ಲಿ ಒಂದು ಅಕ್ಷರವೂ ಇಲ್ಲ. 2023ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿಗೆ, ಹಿಂದೆ ಬಿಜೆಪಿಯಲ್ಲಿದ್ದ ವಕೀಲೆ ವಿಕ್ಟೋರಿಯಾ ಗೌರಿ ಅವರ ನೇಮಕದ ವಿರುದ್ಧ ಕೆಲವು ವಕೀಲರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಅರ್ಹತೆ ಇದೆಯೋ ಇಲ್ಲವೋ ನೋಡುತ್ತೇವೆ, ಯೋಗ್ಯರೋ ಅಲ್ಲವೋ ಅನ್ನುವುದನ್ನು ನಾವು ವಿಚಾರಿಸುವುದಿಲ್ಲ ಅಂತ ಕೋರ್ಟ್ ಅರ್ಜಿ ವಜಾ ಮಾಡಿತು. ಅದೇ ದಿನ ಬೆಳಗ್ಗೆ ಅವರ ಪ್ರಮಾಣವಚನವೂ ಮುಗಿಯಿತು.

ಇನ್ನು ಇದು ಹೊಸದೂ ಅಲ್ಲ. ನಿಮ್ಮ ಮಗನಿಗೆ ಕೆ.ಎಸ್. ಹೆಗ್ಡೆ ಅವರ ಬಗ್ಗೆ ಹೇಳಿ. ನಮ್ಮ ಕಾರ್ಕಳ ಕಡೆಯವರು, ಕೌಡೂರು ಸದಾನಂದ ಹೆಗ್ಡೆ. 1952ರಿಂದ ಕಾಂಗ್ರೆಸ್‌ನಿಂದ ರಾಜ್ಯಸಭಾ ಸದಸ್ಯರು. 1957ರಲ್ಲಿ ಅಲ್ಲಿಂದ ಎದ್ದು ನೇರವಾಗಿ ಮೈಸೂರು ಹೈಕೋರ್ಟ್ ಜಡ್ಜ್ ಆದರು. ನಡುವೆ ಒಂದು ವರ್ಷದ ಅಂತರವೂ ಇಲ್ಲ! ಇವತ್ತಾಗಿದ್ದರೆ ಟಿವಿಯವರು ವಾರಗಟ್ಟಲೆ ಬಿಡುತ್ತಿರಲಿಲ್ಲ. ಆದರೆ ಅದೇ ಮನುಷ್ಯ ಸುಪ್ರೀಂ ಕೋರ್ಟಿಗೆ ಹೋಗಿ, ಸಂಸತ್ತು ಸಂವಿಧಾನವನ್ನು ಎಷ್ಟರ ಮಟ್ಟಿಗೆ ತಿದ್ದಬಹುದು ಅನ್ನುವ ಕೇಶವಾನಂದ ಭಾರತಿ ಕೇಸಿನಲ್ಲಿ ಕಾಂಗ್ರೆಸ್ ಸರ್ಕಾರಕ್ಕೆ ಇಷ್ಟವಾಗದ ಕಡೆ ನಿಂತರು. ಆ ಕೇಸು ನಡೆದದ್ದು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿಯ ಹೆಸರಿನಲ್ಲಿ. 1973ರ ಏಪ್ರಿಲ್‌ನಲ್ಲಿ ಇಂದಿರಾ ಸರ್ಕಾರ ಹಿರಿಯ ಜಡ್ಜ್‌ಗಳಾದ ಶೇಲಟ್, ಹೆಗ್ಡೆ, ಗ್ರೋವರ್ ಮೂವರನ್ನೂ ಬದಿಗೆ ಸರಿಸಿ, ಅವರಿಗಿಂತ ಕಿರಿಯರಾದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಬಿಸಾಡಿ ಹೊರಬಂದರು. ಹಳೇ ಪಕ್ಷ ಒಂದನ್ನೇ ನೋಡಿ ಲೆಕ್ಕ ಹಾಕಿದ್ದರೆ ಹೆಗ್ಡೆ ಅವರ ವಿಷಯದಲ್ಲಿ ಆ ಲೆಕ್ಕ ಪೂರ್ತಿ ಉಲ್ಟಾ ಆಗುತ್ತಿತ್ತು.

ಹಾಗಂತ ಆಕ್ಷೇಪ ಎತ್ತಿದವರದ್ದು ಬರೀ ಹೊಟ್ಟೆಕಿಚ್ಚು ಅಂತ ನಾನು ಹೇಳುವುದಿಲ್ಲ. ನನಗೂ ಒಂದು ತಕರಾರಿದೆ, ಆದರೆ ಅದು ಬೇರೆ. ಇದೇ ಬಾಂಬೆ ಹೈಕೋರ್ಟಿಗೆ 2022ರ ಫೆಬ್ರವರಿಯಲ್ಲಿ ವಕೀಲ ಸೋಮಶೇಖರ್ ಸುಂದರೇಶನ್ ಅವರ ಹೆಸರು ಹೋಗಿತ್ತು. ಕೋರ್ಟಿನ ಮುಂದಿರುವ ವಿಷಯಗಳ ಬಗ್ಗೆ ಸೋಷಿಯಲ್ ಮೀಡಿಯಾದಲ್ಲಿ ಅಭಿಪ್ರಾಯ ಹೇಳಿದ್ದಾರೆ ಅಂತ ಕೇಂದ್ರ ಸರ್ಕಾರ ಫೈಲ್ ವಾಪಸ್ ಕಳಿಸಿತು. ಅಭಿಪ್ರಾಯ ಹೇಳಿದ ಮಾತ್ರಕ್ಕೆ ಅನರ್ಹರಾಗುವುದಿಲ್ಲ ಅಂತ ಕೊಲಿಜಿಯಂ 2023ರ ಜನವರಿಯಲ್ಲಿ ಮತ್ತೆ ಅದೇ ಹೆಸರು ಕಳಿಸಿತು. ನೇಮಕ ಆಗುವಾಗ ನವೆಂಬರ್. ಅಂದರೆ ಒಬ್ಬರ ಫೈಲಿಗೆ ಒಂದೂಮುಕ್ಕಾಲು ವರ್ಷ, ಇನ್ನೊಬ್ಬರ ಫೈಲಿಗೆ ಒಂದು ತಿಂಗಳೂ ಇಲ್ಲ. ಕೊಲಿಜಿಯಂ ಎರಡೂ ಸಲ ಹೆಚ್ಚುಕಡಿಮೆ ಒಂದೇ ಅಳತೆ ಹಿಡಿಯಿತು. ಸರ್ಕಾರದ ಅಳತೆ ಮಾತ್ರ ಬದಲಾಯಿತು. ಮಗನಿಗೆ ಸಿಟ್ಟು ಬರಲೇಬೇಕು ಅಂದರೆ ಇದಕ್ಕೆ ಬರಲಿ.

ಈಗ ವೋಟಿನ ವಿಷಯ. ಶಾಸಕರ, ಸಂಸದರ ಆಯ್ಕೆಯಲ್ಲಿ ಮೋಸ ನಡೆದಿದೆ ಅಂತ ಅನಿಸಿದರೆ ಹೋಗಬೇಕಾದ್ದು ಹೈಕೋರ್ಟಿಗೇ. ಸೋತ ಅಭ್ಯರ್ಥಿಯೇ ಹೋಗಬೇಕು ಅಂತಿಲ್ಲ, ಆ ಕ್ಷೇತ್ರದ ಯಾವ ಮತದಾರನೂ ಚುನಾವಣಾ ಅರ್ಜಿ ಹಾಕಬಹುದು. ಫಲಿತಾಂಶ ಬಂದು 45 ದಿನದೊಳಗೆ ಹಾಕಬೇಕು. ಠೇವಣಿ ಎರಡು ಸಾವಿರ ರೂಪಾಯಿ. (ವಕೀಲರ ಫೀಸು ಬೇರೆ, ಅದನ್ನು ಇಲ್ಲಿ ಬರೆದರೆ ನಿಮ್ಮ ಮಗ ಇನ್ನೂ ಬೇಜಾರಾಗುತ್ತಾನೆ.) ಅರ್ಜಿ ಯಾವ ಜಡ್ಜ್ ಮುಂದೆ ಹೋಗುತ್ತದೆ ಅನ್ನುವುದನ್ನು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ತೀರ್ಮಾನಿಸುತ್ತಾರೆ. ಬಾಂಬೆ ಹೈಕೋರ್ಟಿಗೆ ಮಂಜೂರಾದ ಜಡ್ಜ್ ಹುದ್ದೆ 94. ಹಳೇ ಪಕ್ಷದ ಕೇಸು ಬಂದರೆ ಆ ಜಡ್ಜ್ ತಾವಾಗಿಯೇ ಹಿಂದೆ ಸರಿಯಬಹುದು, ಎದುರು ಪಾರ್ಟಿಯ ವಕೀಲರೂ ಕೇಳಬಹುದು. ಹೈಕೋರ್ಟ್ ತೀರ್ಪು ಒಪ್ಪಿಗೆಯಾಗದಿದ್ದರೆ ಸುಪ್ರೀಂ ಕೋರ್ಟಿಗೆ ಅಪೀಲು ಇದೆ. ಅಂಪೈರ್ ಒಬ್ಬರಲ್ಲ, ಯಾವ ಮ್ಯಾಚಿಗೆ ಯಾರು ಅನ್ನುವುದೂ ಅವರ ಕೈಯಲ್ಲಿಲ್ಲ.

ಹಾಗಾದರೆ ಮತದಾರನಿಗೆ ಪೆಟ್ಟು ಬೀಳುವುದು ಎಲ್ಲಿ? ನಾನು ಮುಂಬಯಿಯ ಕೋಟೆ ಪ್ರದೇಶದ, ಅಂದರೆ ಫೋರ್ಟಿನ, ಕೋರ್ಟುಗಳಲ್ಲಿ ನೋಡುತ್ತಾ ಬಂದದ್ದನ್ನು ಹೇಳುತ್ತೇನೆ: ತಡ. ಚುನಾವಣಾ ಅರ್ಜಿಯನ್ನು ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಜನಪ್ರತಿನಿಧಿ ಕಾಯ್ದೆಯೇ ಹೇಳುತ್ತದೆ. ಮುಂಬಯಿಯ ವಿಲೇಪಾರ್ಲೆ ಉಪಚುನಾವಣೆ ನೋಡಿ. ನಡೆದದ್ದು 1987ರ ಡಿಸೆಂಬರ್‌ನಲ್ಲಿ. ಧರ್ಮದ ಹೆಸರಲ್ಲಿ ವೋಟು ಕೇಳಿದರು ಅಂತ ಡಾ. ರಮೇಶ್ ಪ್ರಭು ಅವರ ಆಯ್ಕೆಯನ್ನು ಹೈಕೋರ್ಟ್ 1989ರಲ್ಲಿ ರದ್ದು ಮಾಡಿತು. ಸುಪ್ರೀಂ ಕೋರ್ಟ್ ಅದಕ್ಕೆ ಮುದ್ರೆ ಒತ್ತಿದ್ದು 1995ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಆ ವಿಧಾನಸಭೆ ಮುಗಿದು, ಅದರ ಮುಂದಿನದೂ ಮುಗಿದಿತ್ತು.

ನಿಮ್ಮ ಗೋವಾದ್ದೇ ಹೇಳುತ್ತೇನೆ. 2019ರ ಜುಲೈಯಲ್ಲಿ ಕಾಂಗ್ರೆಸ್‌ನ 15 ಶಾಸಕರಲ್ಲಿ 10 ಮಂದಿ ಬಿಜೆಪಿ ಸೇರಿದರು. ಅವರನ್ನು ಅನರ್ಹ ಮಾಡಿ ಅನ್ನುವ ಅರ್ಜಿಯನ್ನು ಸ್ಪೀಕರ್ ತಳ್ಳಿಹಾಕಿದ್ದು 2021ರ ಏಪ್ರಿಲ್‌ನಲ್ಲಿ. ಸ್ಪೀಕರ್ ಮಾಡಿದ್ದು ಸರಿ ಅಂತ ಹೈಕೋರ್ಟ್ ಹೇಳಿದ್ದು 2022ರ ಫೆಬ್ರವರಿ 24ಕ್ಕೆ. ಗೋವಾದಲ್ಲಿ ಮತದಾನ ಫೆಬ್ರವರಿ 14ಕ್ಕೇ ಮುಗಿದಿತ್ತು! ತೀರ್ಪು ಸರಿಯೋ ತಪ್ಪೋ, ಆ ಚರ್ಚೆ ಬೇರೆ. ವೋಟ್ ಹಾಕುವವನ ಕೈಗೆ ಅದು ಹತ್ತು ದಿನ ತಡವಾಗಿ ಸಿಕ್ಕಿತು. ಇದರಲ್ಲಿ ಯಾವ ಜಡ್ಜ್‌ನ ಹಳೇ ಪಕ್ಷವೂ ಬರಲಿಲ್ಲ ನೋಡಿ.

ಮುಂಬಯಿಯಲ್ಲಿ ನಮಗೆ ಆದದ್ದು ಇನ್ನೂ ಜಾಸ್ತಿ. ಪಾಲಿಕೆಯ ಅವಧಿ 2022ರ ಮಾರ್ಚ್‌ನಲ್ಲಿ ಮುಗಿಯಿತು. ಒಬಿಸಿ ಮೀಸಲಾತಿ, ವಾರ್ಡ್ 227ಓ 236ಓ ಅನ್ನುವ ಜಗಳ ಕೋರ್ಟಿನಲ್ಲಿ ಉಳಿದುಕೊಂಡಿತು. ಚುನಾವಣೆ ನಡೆದದ್ದು 2026ರ ಜನವರಿ 15ಕ್ಕೆ. ಸುಮಾರು ನಾಲ್ಕು ವರ್ಷ ಈ ಊರಿಗೆ ನಗರಸೇವಕರೇ (ಕಾರ್ಪೊರೇಟರ್‌ಗಳೇ) ಇರಲಿಲ್ಲ, ಆಡಳಿತಾಧಿಕಾರಿಯದ್ದೇ ರಾಜ್ಯಭಾರ. ನಮ್ಮ ಗಲ್ಲಿಯ ಗಟಾರ ತುಂಬಿದರೆ ಯಾರ ಮನೆ ಬಾಗಿಲಿಗೆ ಹೋಗಿ ಬೈಯಬೇಕು ಅಂತಲೇ ಗೊತ್ತಾಗುತ್ತಿರಲಿಲ್ಲ.

ಅದಕ್ಕೇ ಮಗನಿಗೆ ಹೇಳಿ: ನೀನು ವೋಟ್ ಹಾಕದಿದ್ದರೆ ಆ ಜಡ್ಜ್‌ಗೆ ಏನೂ ಆಗುವುದಿಲ್ಲ, ಅವರು 62 ವರ್ಷದವರೆಗೆ ಇರುತ್ತಾರೆ. ವೋಟ್ ಕೇಳಲು ಬಂದವರನ್ನು ಹಿಡಿದು ಕೇಳು, ಕೊಲಿಜಿಯಂ ಕಳಿಸಿದ ಫೈಲನ್ನು ಇಷ್ಟು ದಿನದೊಳಗೆ ತೀರ್ಮಾನಿಸಬೇಕು ಅನ್ನುವ ಕಾನೂನಿಗೆ ನಿಮ್ಮ ಪಕ್ಷ ಒಪ್ಪುತ್ತದಾ ಅಂತ. ಪಕ್ಷಾಂತರದ ಕೇಸನ್ನು ಸ್ಪೀಕರ್ ಕೈಯಿಂದ ತೆಗೆಯುತ್ತೀರಾ ಅಂತಲೂ ಕೇಳು. ಉತ್ತರ ಕೊಡಲಿಕ್ಕೆ ತಡಬಡಾಯಿಸುತ್ತಾರೆ, ಬೇಕಾದರೆ ನೋಡಿ.

ಪ್ರಶ್ನೆ: ಜಡ್ಜ್ ಆಗಿದ್ದವರು ಆಮೇಲೆ ಚುನಾವಣೆಗೆ ನಿಲ್ಲಬಹುದೇ?
(ಓದುಗರು, ಪಿಂಪ್ರಿ, ಪುಣೆ)

ಉತ್ತರ: ನಿಲ್ಲಬಹುದು, ಕಾಯಬೇಕಾಗಿಯೂ ಇಲ್ಲ. ಕಲ್ಕತ್ತಾ ಹೈಕೋರ್ಟಿನ ಅಭಿಜಿತ್ ಗಂಗೋಪಾಧ್ಯಾಯ 2024ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟರು, ಅದೇ ತಿಂಗಳು ಬಿಜೆಪಿ ಸೇರಿದರು, ಜೂನ್‌ನಲ್ಲಿ ತಮ್ಲುಕ್‌ನಿಂದ ಸಂಸದರಾದರು. ಮೇಲೆ ಹೇಳಿದ ಹೆಗ್ಡೆ ಅವರೂ 1977ರಲ್ಲಿ ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ಗೆದ್ದು ಲೋಕಸಭೆಯ ಸ್ಪೀಕರ್ ಆದವರೇ. ಆದರೆ ಅವರು ಕೋರ್ಟ್ ಬಿಟ್ಟು ನಾಲ್ಕು ವರ್ಷ ಆಗಿತ್ತು.

ತಮಾಷೆ ಎಂದರೆ, 220ನೇ ವಿಧಿಯ ಪ್ರಕಾರ ಕಾಯಂ ಜಡ್ಜ್ ಆಗಿದ್ದವರು ಮತ್ತೆ ಅದೇ ಹೈಕೋರ್ಟಿನಲ್ಲಿ ಕರಿ ಕೋಟು ಹಾಕಿ ವಾದ ಮಾಡುವಂತಿಲ್ಲ. ಪಕ್ಕದ ಮೈದಾನದಲ್ಲಿ ಪಕ್ಷದ ಭಾಷಣ ಮಾಡಬಹುದು. ಕೋರ್ಟಿಗೆ ಬರುವ ಮೊದಲೂ, ಬಿಟ್ಟ ಮೇಲೂ ಎರಡೆರಡು ವರ್ಷ ಪಕ್ಷದಿಂದ ದೂರ ಇರಬೇಕು ಅಂತ ಒಂದು ನಿಯಮ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಬಾರ್ ರೂಮಿನಲ್ಲಿ ಇದನ್ನು ಹೇಳಿದರೆ ನನ್ನ ಅರ್ಧ ಸ್ನೇಹಿತರು ಮುಖ ತಿರುಗಿಸುತ್ತಾರೆ.

ಪ್ರಶ್ನೆ: ನಮ್ಮ ವಾರ್ಡಿನ ಪಾಲಿಕೆ ಚುನಾವಣೆಯಲ್ಲಿ ಗೋಲ್‌ಮಾಲ್ ಆಗಿದ್ದರೆ ಅದಕ್ಕೂ ಹೈಕೋರ್ಟಿಗೇ ಹೋಗಬೇಕೇ?
(ಓದುಗರು, ಕಾಂದಿವಲಿ)

ಉತ್ತರ: ಇಲ್ಲ. ಮುಂಬಯಿ ಪಾಲಿಕೆಯ ಚುನಾವಣಾ ಅರ್ಜಿ ಹೋಗುವುದು ಧೋಬಿ ತಲಾವ್‌ನ ಸ್ಮಾಲ್ ಕಾಸಸ್ ಕೋರ್ಟಿಗೆ, ಅಲ್ಲಿನ ಮುಖ್ಯ ನ್ಯಾಯಾಧೀಶರ ಮುಂದೆ. ಹೌದು, ಬಾಡಿಗೆ ಮನೆ ಜಗಳಕ್ಕೆ ಹೋಗುತ್ತೀರಲ್ಲ, ಅದೇ ಕೋರ್ಟ್. ಗಡುವು ಬರೀ ಹತ್ತು ದಿನ. ಶಾಸಕರ ಚುನಾವಣೆಯ ಹಾಗೆ 45 ದಿನ ಇದೆ ಅಂದುಕೊಂಡು ಊರಿಗೆ ಹೋಗಿ ಬಂದು ನೋಡೋಣ ಅನ್ನಬೇಡಿ. ಮುಂದಿನ ಸಲ ಅನುಮಾನ ಬಂದರೆ ಫಲಿತಾಂಶದ ವಾರದಲ್ಲೇ ವಕೀಲರನ್ನು ಹಿಡಿಯಿರಿ. ನಿಮ್ಮ ಬೂತಿನ ಎಣಿಕೆ ಏಜೆಂಟ್ ಸಹಿ ಮಾಡಿದ ಕಾಗದ ಇದ್ದರೆ ಅದನ್ನೂ ತನ್ನಿ.