ಓದುಗರ ಪ್ರಶ್ನೆ: ಹಸುವಿನ ತೇಗಿನ ಮೀಥೇನ್‌ಗೆ ಮೇವಿನಲ್ಲೇ ಕಡಿವಾಣ

ಪ್ರಶ್ನೆ: ನಮ್ಮಲ್ಲಿ ಹತ್ತು ಕರೆಯುವ ಹಸುಗಳಿವೆ. ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲವನ್ನು ತಗ್ಗಿಸುವ 3-ನೈಟ್ರೋಆಕ್ಸಿಪ್ರೊಪನಾಲ್ ಪುಡಿ ಕೊಡಬೇಕೆಂದಿದ್ದೇವೆ. ‘ಕಿಲೋ ಶುಷ್ಕ ಪದಾರ್ಥಕ್ಕೆ (ನೀರಿನಂಶ ಕಳೆದು ಉಳಿಯುವ ಮೇವಿಗೆ) 60 ಮಿಲಿಗ್ರಾಂ’ ಎಂದು ಹೇಳಿದ್ದಾರೆ. ದಿನಕ್ಕೆ ಎಷ್ಟು ಬೇಕು? ಬೆಳಗಿನ ಹಿಂಡಿಯಲ್ಲಿ ಒಮ್ಮೆಗೇ ಕಲಸಿ ಕೊಟ್ಟರೆ ಸಾಲದೇ?

ಉತ್ತರ: ಸಾಲದು. ಹಸುವಿನ ಹೊಟ್ಟೆಯ ದೊಡ್ಡ ಕೋಣೆಯಾದ ರೂಮೆನ್‌ನಲ್ಲಿ ಮೇವು ಹುದುಗುವಾಗ ಹೈಡ್ರೋಜನ್ ಹುಟ್ಟುತ್ತದೆ. ಅಲ್ಲಿನ ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳು ಅದನ್ನು ಇಂಗಾಲದ ಡೈಆಕ್ಸೈಡ್ ಜತೆ ಕೂಡಿಸಿ ಮೀಥೇನ್ ಮಾಡುತ್ತವೆ. ಈ ಪುಡಿ ತಡೆಯುವುದು ಆ ಕೆಲಸದ ಕೊನೆಯ ಹಂತದ ಕಿಣ್ವವನ್ನು. ಆದರೆ ಪುಡಿ ತಾನೂ ಕೆಲವೇ ಗಂಟೆಗಳಲ್ಲಿ ಒಡೆದುಹೋಗುತ್ತದೆ. ಬೆಳಿಗ್ಗೆ ತಿಂದ ಪುಡಿ ಸಂಜೆಯ ಮೇವಿನ ಹೊತ್ತಿಗೆ ಉಳಿದಿರುವುದಿಲ್ಲ. ಹಾಗಾಗಿ ಅದು ಪ್ರತಿ ತುತ್ತಿನಲ್ಲೂ ಇರಬೇಕು.

ಲೆಕ್ಕವನ್ನು ಹಸಿ ತೂಕದ ಮೇಲೆ ಹಾಕಬೇಡಿ, ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಹಸು 25 ಕಿಲೋ ಹಸಿ ಮೇವು, 4 ಕಿಲೋ ಒಣಹುಲ್ಲು, 3 ಕಿಲೋ ಹಿಂಡಿ ತಿನ್ನುತ್ತದೆ ಎನ್ನಿ. ಹಸಿ ಮೇವಿನಲ್ಲಿ ಶುಷ್ಕ ಪದಾರ್ಥ ಐದರಲ್ಲೊಂದು ಪಾಲು, ಅಂದರೆ 5 ಕಿಲೋ. ಉಳಿದೆರಡರಲ್ಲಿ ಶೇ. 90ರಂತೆ 3.6 ಮತ್ತು 2.7 ಕಿಲೋ. ಒಟ್ಟು 11.3 ಕಿಲೋ, ಅದಕ್ಕೆ ಬೇಕಾದ ಮೂಲವಸ್ತು (ಪುಡಿಯಲ್ಲಿರುವ 3-ನೈಟ್ರೋಆಕ್ಸಿಪ್ರೊಪನಾಲ್) ಸುಮಾರು 680 ಮಿಲಿಗ್ರಾಂ. ಪುಡಿಯಲ್ಲಿ ಮೂಲವಸ್ತು ಶೇ. 10 ಇದ್ದರೆ ಹಸುವೊಂದಕ್ಕೆ 6.8 ಗ್ರಾಂ, ಹತ್ತಕ್ಕೆ 68 ಗ್ರಾಂ. ನಿಮ್ಮ ಚೀಲದ ಮೇಲೆ ಬೇರೆ ಪ್ರಮಾಣ ಅಚ್ಚಾಗಿದ್ದರೆ ಅದರಂತೆ ಲೆಕ್ಕ ಬದಲಿಸಿ.

ಎರಡು ಹೊತ್ತು ಮೇವು ಹಾಕುವವರಾದರೆ ಹೊತ್ತಿಗೆ 34 ಗ್ರಾಂ. ಇಷ್ಟು ಕಡಿಮೆ ಪುಡಿಯನ್ನು ನೇರ ಮೇವಿನ ಮೇಲೆ ಚೆಲ್ಲಿದರೆ ಒಂದು ಹಸುವಿಗೆ ಎಲ್ಲ, ಇನ್ನೊಂದಕ್ಕೆ ಏನೂ ಇಲ್ಲ. ಮೊದಲು 300 ಗ್ರಾಂ ನುಣ್ಣನೆಯ ಬೂಸಾದಲ್ಲಿ ಕಲಸಿ, ಅದನ್ನು 3 ಕಿಲೋ ಹಿಂಡಿಗೆ ಸೇರಿಸಿ, ಆಮೇಲೆ ಆ ಹೊತ್ತಿನ ಪೂರ್ತಿ ಹಿಂಡಿಗೆ, ಕಡೆಗೆ ಕತ್ತರಿಸಿದ ಮೇವಿಗೆ. ಸ್ವಲ್ಪ ನೀರು ಚಿಮುಕಿಸಿ. ಇಲ್ಲದಿದ್ದರೆ ಪುಡಿ ಗೋದಲಿಯ ತಳ ಸೇರುತ್ತದೆ. ಕಲಸುವಾಗ ಕೈಗವಸು, ಮೂಗು-ಬಾಯಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲಿ. ಇದರ ದೂಳು ಕಣ್ಣು, ಚರ್ಮ, ಶ್ವಾಸಕ್ಕೆ ಒಳ್ಳೆಯದಲ್ಲ.

ಹಾಲು ಕರೆಯುವ ಹಸುಗಳಲ್ಲಿ ಸರಿಯಾಗಿ ಬೆರೆಸಿದಾಗ ಮೀಥೇನ್ ಸುಮಾರು ಶೇ. 30ರಷ್ಟು ಇಳಿಯುತ್ತದೆ. ನಾರು ಹೆಚ್ಚಿರುವ ಮೇವಿನಲ್ಲಿ ಪರಿಣಾಮ ಕಡಿಮೆ. ಹುಲ್ಲುಗಾವಲಿನಲ್ಲೇ ದಿನ ಕಳೆಯುವ ಹಸುಗಳಿಗೆ ಈ ಕ್ರಮ ಹೊಂದುವುದೇ ಇಲ್ಲ.

ಪ್ರಶ್ನೆ: ಮೀಥೇನ್ ಎಂದರೆ ಹಸು ತಿಂದ ಶಕ್ತಿಯೇ ಪೋಲಾಗುವುದು ಎನ್ನುತ್ತಾರೆ. ಅದನ್ನು ತಡೆದರೆ ಹಾಲು ಹೆಚ್ಚಬೇಕಲ್ಲವೇ?

ಉತ್ತರ: ಪೋಲು ನಿಜ, ಮೇವಿನ ಒಟ್ಟು ಶಕ್ತಿಯಲ್ಲಿ ಶೇ. 2ರಿಂದ 12ರವರೆಗೆ ಹೀಗೆ ಹೋಗುತ್ತದೆ. ಆದರೆ ಉಳಿದದ್ದೆಲ್ಲ ಹಾಲಾಗುವುದಿಲ್ಲ. ಬಳಕೆಯಾಗದ ಹೈಡ್ರೋಜನ್‌ನ ಒಂದು ಪಾಲು ಅನಿಲವಾಗಿಯೇ ತೇಗಿನಲ್ಲಿ ಹೊರಬೀಳುತ್ತದೆ. ಹಾಲು ಏರುತ್ತದೆ ಎಂಬ ಭರವಸೆಯ ಮೇಲೆ ಪುಡಿ ಕೊಳ್ಳಬೇಡಿ. ಮೇವು ಬಿಡುವುದು ಕಂಡರೆ ಪ್ರಮಾಣ ಹೆಚ್ಚಾಗಿದೆಯೇ ಎಂದು ಮೊದಲು ನೋಡಿ.

ಪ್ರಶ್ನೆ: ಕೆಂಪು ಕಡಲಕಳೆ ಇದಕ್ಕಿಂತ ಬಲವಾದದ್ದಂತೆ?

ಉತ್ತರ: ಆಸ್ಪರಗಾಪ್ಸಿಸ್ ಜಾತಿಯದು ಹೌದು. ಮಾಂಸದ ದನಗಳ ಕೆಲವು ಪ್ರಯೋಗಗಳಲ್ಲಿ ಶೇ. 80ಕ್ಕೂ ಮಿಗಿಲಾಗಿ ಇಳಿದಿದೆ. ಅದರ ಸತ್ವ ಬ್ರೋಮೋಫಾರ್ಮ್. ಅದು ಗಾಳಿಗೆ ಹಾರಿಹೋಗುವ ವಸ್ತು. ಬಿಸಿಲಿಗೆ ಒಣಗಿಸಿದ, ತೆರೆದ ಚೀಲದಲ್ಲಿಟ್ಟ ಕಳೆಯಲ್ಲಿ ಹೆಚ್ಚೇನೂ ಉಳಿಯದು. ಜತೆಗೆ ಹಸು ಮೇವು ತಿನ್ನುವುದು ಕಡಿಮೆಯಾಗಬಹುದು, ಹಾಲಿನಲ್ಲಿ ಅಯೋಡಿನ್ ಏರುತ್ತದೆ. ಸತ್ವದ ಪ್ರಮಾಣ ಅಳೆದು ಬರೆದಿರದ ಸರಕನ್ನು ಹಾಲಿನ ಹಸುವಿಗೆ ಕೊಡಬಾರದು.

ಪ್ರಶ್ನೆ: ಯೂರಿಯಾ ಬದಲು ನೈಟ್ರೇಟ್ ಬೆರೆಸಿದರೆ ಮೀಥೇನ್ ಇಳಿಯುತ್ತದೆ ಎಂದು ಓದಿದೆ. ಗೊಬ್ಬರದ ಕ್ಯಾಲ್ಸಿಯಂ ನೈಟ್ರೇಟ್ ಆಗಬಹುದೇ?

ಉತ್ತರ: ಖಂಡಿತ ಬೇಡ. ನೈಟ್ರೇಟ್ ಹೈಡ್ರೋಜನ್ ಅನ್ನು ತನ್ನತ್ತ ಸೆಳೆದುಕೊಳ್ಳುತ್ತದೆ ಎಂಬುದು ಸರಿ. ಆದರೆ 100 ಗ್ರಾಂ ನೈಟ್ರೇಟ್ ಪೂರ್ತಿ ಕೆಲಸ ಮಾಡಿದರೂ ತಡೆಯುವುದು ಹೆಚ್ಚೆಂದರೆ 26 ಗ್ರಾಂ ಮೀಥೇನ್. ಮೇಲೆ ಹೇಳಿದಂಥ ಹಸು ದಿನಕ್ಕೆ ಬಿಡುವುದೇ 220 ಗ್ರಾಂ ಆಸುಪಾಸು. ಇಷ್ಟರ ಸಲುವಾಗಿ ಎದುರಿಸಬೇಕಾದ ಅಪಾಯ ದೊಡ್ಡದು. ನೈಟ್ರೇಟ್ ಮೊದಲು ನೈಟ್ರೈಟ್ ಆಗಿ, ಆಮೇಲೆ ಅಮೋನಿಯ ಆಗಬೇಕು. ರೂಮೆನ್ ಒಗ್ಗಿಕೊಂಡಿರದಿದ್ದರೆ ಎರಡನೆಯ ಹಂತ ಹಿಂದೆ ಬೀಳುತ್ತದೆ. ಉಳಿದ ನೈಟ್ರೈಟ್ ರಕ್ತಕ್ಕೆ ಸೇರಿ, ರಕ್ತ ಆಮ್ಲಜನಕ ಹೊರಲಾರದಂತೆ ಮಾಡುತ್ತದೆ. ಹೆಚ್ಚು ಗೊಬ್ಬರ ಉಂಡ, ಬರಕ್ಕೆ ಬಾಡಿದ ಜೋಳದ ಮೇವಿನಲ್ಲಿ ಮೊದಲೇ ನೈಟ್ರೇಟ್ ತುಂಬಿರಬಹುದು. ಅದರ ಮೇಲೆ ಇದೂ ಸೇರಿದರೆ ಕೆಲವೇ ಗಂಟೆಗಳಲ್ಲಿ ಹಸು ಸಾಯಬಹುದು.

ಪಶು ಆಹಾರ ತಜ್ಞರ ಉಸ್ತುವಾರಿಯಲ್ಲಿ, ಪಶು ಆಹಾರಕ್ಕೆಂದೇ ತಯಾರಾದದ್ದನ್ನು, ಎರಡು-ಮೂರು ವಾರಗಳಲ್ಲಿ ಹಂತಹಂತವಾಗಿ ಏರಿಸುವುದೊಂದೇ ದಾರಿ. ಹಸಿದ ಹಸುವಿಗೆ ಒಮ್ಮೆಲೇ ಕೊಡಕೂಡದು. ಏದುಸಿರು, ತೂರಾಟ, ಒಸಡು ಕಂದು-ನೀಲಿಗೆ ತಿರುಗುವುದು ಕಂಡ ಕೂಡಲೇ ಮೇವು ತೆಗೆದು, ಹಸುವನ್ನು ಓಡಾಡಿಸದೆ ಪಶುವೈದ್ಯರನ್ನು ಕರೆಸಿ. ಅವರು ರಕ್ತನಾಳಕ್ಕೆ ಕೊಡುವ ಮೆಥಿಲೀನ್ ಬ್ಲೂ ಇದಕ್ಕೆ ಮದ್ದು.