ರಜೆಯಲ್ಲಿ ಹುಟ್ಟಿದ ರಾಷ್ಟ್ರೀಯ ಯುವ ರಂಗತಂಡ

ಪ್ರಶ್ನೆ: ಹೆಲೆನ್ ಮಿರೆನ್, ಡೇನಿಯಲ್ ಕ್ರೇಗ್ ಅವರಂಥ ಬ್ರಿಟಿಷ್ ನಟರ ಪರಿಚಯದಲ್ಲಿ ‘ನ್ಯಾಷನಲ್ ಯೂತ್ ಥಿಯೇಟರ್’ ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ. ಅದು ನಾಟಕಶಾಲೆಯೇ ಅಥವಾ ಸರ್ಕಾರ ಕಟ್ಟಿದ ತಂಡವೇ? ಅದರ ಇತಿಹಾಸ ತಿಳಿಸಿ.
— ಪದವಿ ವಿದ್ಯಾರ್ಥಿನಿ, ಗುಳೇದಗುಡ್ಡ

ಉತ್ತರ: ಹುಟ್ಟಿದಾಗ ಅದು ಎರಡೂ ಆಗಿರಲಿಲ್ಲ. ದಕ್ಷಿಣ ಲಂಡನ್ನಿನ ಆಲೆನ್ಸ್ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮೈಕೆಲ್ ಕ್ರಾಫ್ಟ್ ಅವರು ಹುಡುಗರಿಂದ ಶೇಕ್ಸ್‌ಪಿಯರನ ನಾಟಕಗಳನ್ನು ಆಡಿಸಿ ಹೆಸರಾಗಿದ್ದರು. ಅವರು ಶಾಲೆ ಬಿಟ್ಟ ಮೇಲೂ ಹುಡುಗರು ತಮ್ಮ ಮಾಸ್ತರರನ್ನು ಬಿಡಲಿಲ್ಲ. ಅದೇ ಶಾಲೆಯ ಚಿತ್ರಕಲಾ ಶಿಕ್ಷಕ ಕೆನೆತ್ ಸ್ಪ್ರಿಂಗ್ ಅವರೂ ಜೊತೆಗೂಡಿದರು. 1956ರಲ್ಲಿ ರಜೆಯ ದಿನಗಳಲ್ಲಿ ಕೂಡಿ ತಾಲೀಮು ಮಾಡಿ, ಪೂರ್ವ ಲಂಡನ್ನಿನ ಟಾಯ್ನ್‌ಬೀ ಹಾಲ್‌ನಲ್ಲಿ ‘ಐದನೆಯ ಹೆನ್ರಿ’ಯನ್ನು ಆಡಿದರು. ಅದೇ ತಂಡದ ಮೊದಲ ಪ್ರಯೋಗ.

ಮುಂದೆ ಬೇರೆ ಶಾಲೆಗಳ ಮಕ್ಕಳು, ಬೇರೆ ಊರುಗಳ ಯುವಕರು, ಯುವತಿಯರು ಸೇರುತ್ತ ಹೋದರು. 1965ರಲ್ಲಿ ತಂಡವು ಲಂಡನ್ನಿನ ಹೆಸರಾಂತ ಓಲ್ಡ್ ವಿಕ್ ರಂಗಮಂದಿರದಲ್ಲಿ ‘ಆಂಟನಿ ಮತ್ತು ಕ್ಲಿಯೋಪಾತ್ರ’ವನ್ನು ಆಡಿದಾಗ ಕ್ಲಿಯೋಪಾತ್ರಳಾಗಿದ್ದವರು ಇಪ್ಪತ್ತರ ಹರೆಯದ ಹೆಲೆನ್ ಮಿರೆನ್. ವೃತ್ತಿಪರರು ಆಡುವ ರಂಗವನ್ನೇ ಹವ್ಯಾಸಿ ಯುವಕರ ಕೈಗೆ ಕೊಟ್ಟದ್ದು ಈ ತಂಡದ ದೊಡ್ಡ ಸಾಧನೆಯೆಂದು ನಾನು ತಿಳಿಯುತ್ತೇನೆ.

ಆದರೆ ಶೇಕ್ಸ್‌ಪಿಯರನ ನಾಟಕದಲ್ಲಿ ನಾಲ್ಕಾರು ಮಂದಿಗೆ ಪಾತ್ರ ದೊರೆತರೆ ಉಳಿದವರು ಈಟಿ ಹಿಡಿದು ನಿಲ್ಲಬೇಕಾಗುತ್ತದೆ. ಈ ತೊಡಕಿಗೆ ಒಳ್ಳೆಯ ಉತ್ತರವಾಗಿ ಬಂದದ್ದು ಪೀಟರ್ ಟರ್ಸನ್ ಅವರು ತಂಡಕ್ಕಾಗಿಯೇ ಬರೆದ, 1967ರಲ್ಲಿ ರಂಗಕ್ಕೆ ಬಂದ ‘ಜಿಗರ್ ಜಾಗರ್’. ರಂಗದ ಹಿಂಬದಿಯಲ್ಲಿ ಫುಟ್‌ಬಾಲ್ ಮೈದಾನದ ಮೆಟ್ಟಿಲುಸಾಲು; ಅದರ ತುಂಬ ಹಾಡುವ, ಕೂಗುವ ಅಭಿಮಾನಿಗಳು. ಅವರೆದುರಿಗೆ, ಶಾಲೆ ಬಿಟ್ಟು ಮುಂದೇನೆಂದು ತೋಚದ ಹುಡುಗನೊಬ್ಬನ ಬದುಕು ನಡೆಯುತ್ತದೆ. ಇಲ್ಲಿ ಗುಂಪೇ ಒಂದು ಪಾತ್ರ. ಹಿಂದಿನ ಸಾಲಿನವನು ಬಾಯಿ ಮುಚ್ಚಿದರೂ ನಾಟಕ ಸೊರಗುತ್ತದೆ.

1971ರಲ್ಲಿ ಯೂಸ್ಟನ್ ರಸ್ತೆಯ ಶಾ ಥಿಯೇಟರ್ ತಂಡದ ನೆಲೆಯಾಯಿತು, ಆದರೆ ಅದು ಶಾಶ್ವತವಾಗಿ ಉಳಿಯಲಿಲ್ಲ. 1986ರಲ್ಲಿ ಕ್ರಾಫ್ಟ್ ತೀರಿಕೊಂಡ ಬಳಿಕ ಎಡ್ವರ್ಡ್ ವಿಲ್ಸನ್ ಹೊಣೆ ಹೊತ್ತರು. ನಾಟಕಶಾಲೆಗಳ ಶುಲ್ಕ ಕೈಗೆಟುಕದಂತಾದ ಕಾಲದಲ್ಲಿ, 2012ರಿಂದ, ಆಯ್ದ ಯುವನಟರ ಚಿಕ್ಕ ತಂಡವೊಂದಕ್ಕೆ ಉಚಿತ ತರಬೇತಿ ಕೊಟ್ಟು ವೃತ್ತಿರಂಗದಲ್ಲಿ ನಾಟಕ ಆಡಿಸುವ ಕ್ರಮವೂ ಶುರುವಾಯಿತು.

ಪ್ರಶ್ನೆ: ನಮ್ಮ ಭಾಗದಲ್ಲಿ ಇಂಥದ್ದು ಸಾಧ್ಯವೇ?
— ಪ್ರೌಢಶಾಲಾ ಶಿಕ್ಷಕರು, ಹುಕ್ಕೇರಿ

ಉತ್ತರ: ಖಂಡಿತ ಸಾಧ್ಯ. ಎಳೆಯರು ರಂಗಕ್ಕೆ ಬರುವುದು ನಮ್ಮ ಸೀಮೆಗೆ ಹೊಸದಲ್ಲ. ಸವದತ್ತಿ ಸೀಮೆಯ ಏಣಗಿ ಬಾಳಪ್ಪನವರು ಹುಡುಗರಾಗಿದ್ದಾಗಲೇ ಬಣ್ಣ ಹಚ್ಚಿ, ಸ್ತ್ರೀಪಾತ್ರಗಳಲ್ಲಿ ಮೆಚ್ಚುಗೆ ಪಡೆದು, ಮುಂದೆ ಸ್ವಂತ ಕಂಪನಿ ನಡೆಸಿದರು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ನಾಟಕ ಕಂಪನಿಗಳು ಥಿಯೇಟರ್ ಹಾಕುತ್ತವೆ. ಹೆಗ್ಗೋಡಿನ ನೀನಾಸಂ ಸಂಸ್ಥೆಯ ತಿರುಗಾಟ 1985ರಿಂದಲೂ ಸಾಣೇಹಳ್ಳಿಯ ಶಿವಸಂಚಾರ 1997ರಿಂದಲೂ ಊರೂರಿಗೆ ನಾಟಕ ಒಯ್ಯುತ್ತಿವೆ. ಆದರೆ ಕಂಪನಿ ಸೇರಿದವನು ಓದು ಬಿಡಬೇಕಿತ್ತು. ತಿರುಗಾಟಕ್ಕೆ ಹೊರಟವರು ತಿಂಗಳುಗಟ್ಟಲೆ ಅದಕ್ಕೇ ಮೀಸಲಾಗಬೇಕು. ಓದನ್ನೂ ಕೆಲಸವನ್ನೂ ಬಿಡದೆ, ಹಲವು ತಾಲ್ಲೂಕುಗಳ ಹದಿಹರೆಯದವರು ರಜೆಯಲ್ಲಿ ಕೂಡಿ ತಾಲೀಮು ಮಾಡುವ ಏರ್ಪಾಡು ಇವೆರಡಕ್ಕಿಂತ ಬೇರೆಯಾದುದು. ಕ್ರಾಫ್ಟ್ ಅವರ ತಂಡದಿಂದ ತಾವು ತೆಗೆದುಕೊಳ್ಳಬೇಕಾದದ್ದು ಇದನ್ನೇ.

ಏಪ್ರಿಲ್–ಮೇ ರಜೆಯಲ್ಲಿ ತಾಲೀಮು ಶಾಲೆಯಲ್ಲೇ ನಡೆಯಲಿ. ಪ್ರಯೋಗ ಮಾತ್ರ ಬೆಳಗಾವಿಯ ಕುಮಾರ ಗಂಧರ್ವ ಕಲಾಮಂದಿರದಲ್ಲೋ ವಿಜಯಪುರದ ಕಂದಗಲ್ ಹನುಮಂತರಾಯ ರಂಗಮಂದಿರದಲ್ಲೋ ಆಗಲಿ. ಸಂತೆ, ಜಾತ್ರೆ, ಕಬ್ಬು ಕಡಿಯುವ ಗ್ಯಾಂಗುಗಳಂಥ ಗುಂಪಿಗೆ ಮಾತೂ ಹಾಡೂ ಇರುವ ನಾಟಕವನ್ನು ಆರಿಸಿರಿ. ದೀಪ, ವೇಷಭೂಷಣ, ರಂಗಸಜ್ಜಿಕೆಗೂ ಹುಡುಗ–ಹುಡುಗಿಯರನ್ನು ಮೊದಲ ದಿನವೇ ಆಯ್ದುಕೊಳ್ಳಿರಿ. ಲಂಡನ್ನಿನ ತಂಡವು ನೇಪಥ್ಯದ ಕೆಲಸಗಳನ್ನೂ ನಟನೆಯಷ್ಟೇ ಕಾಳಜಿಯಿಂದ ಕಲಿಸುತ್ತದೆ.